ಒಣ ಕಾಲರಿನ ಬೇಸಿಗೆಗಳು

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಪವಿತ್ರಾ ಈ ಬೇಸಿಗೆಯಲ್ಲಿ ಔಷಧಿ ಕಂಪನಿಯೊಂದಕ್ಕೆ ಮೆಡಿಕಲ್ ರೆಪ್ ಆಗಿ ಸೇರಿದಳು. ಸೇರಿದ ವಾರದಲ್ಲೇ ಒಂದು ಸಂಜೆ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು, ಹಣೆಯ ಮೇಲೆ ಹೆಲ್ಮೆಟ್ಟಿನ ಗುರುತು ಬಿದ್ದಿತ್ತು.

“ಅಂಕಲ್, ಒಂದು ಡೌಟು. ಟ್ರೇನಿಂಗ್‌ನಲ್ಲಿ ಮಾತ್ರೆ ಹೊಟ್ಟೇಲಿ ಎಲ್ಲಿ ಕರಗುತ್ತೆ ಅನ್ನೋದ್ರಿಂದ ಹಿಡಿದು ಡಾಕ್ಟರ್ ಮುಂದೆ ಹೇಗೆ ನಿಂತ್ಕೋಬೇಕು ಅನ್ನೋವರೆಗೂ ಎಲ್ಲ ಹೇಳ್ಕೊಟ್ರು. ಈ ಬಿಸಿಲಲ್ಲಿ ದಿನಾ ಗಾಡಿ ಓಡ್ಸೋದು ಹೇಗೆ ಅಂತ ಮಾತ್ರ ಒಬ್ರೂ ಹೇಳ್ಲಿಲ್ಲ. ಯಾಕೆ ಅಂಕಲ್?”

ಆ ಪ್ರಶ್ನೆ ಕೇಳಿ ನನಗೆ ಬಹಳ ಖುಷಿಯಾಯಿತು. ಅದೇ ಪ್ರಶ್ನೆ ನನ್ನ ತಲೆಯನ್ನೂ ಕೊರೆದಿತ್ತು. ಆದರೆ ನಾನು ಕೇಳಿದ್ದು ಕೆಲಸಕ್ಕೆ ಸೇರಿದ ವಾರದಲ್ಲಲ್ಲ. ಗಾಡಿಯಿಂದ ಎರಡು ಸಲ ಬಿದ್ದು, ಮೂರನೇ ಸಲ ಬಿದ್ದರೆ ಗಾಡಿಯ ಕೆಲಸವೇ ಇಲ್ಲ ಎಂದು ಕಂಪನಿ ಹೇಳಿದ ಮೇಲೆ. ಆ ಸಂಜೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಇದರಲ್ಲಿಲ್ಲ. ಬರೆಯಲು ಕೂತರೂ ಅರ್ಧ ಪುಟ ತುಂಬುವುದಿಲ್ಲ ಎಂದು ನನ್ನ ಹೆಂಡತಿ ಈಗಾಗಲೇ ಹೇಳಿದ್ದಾಳೆ.

ರೆಪ್ ಎಂದರೆ ಯಾರೆಂದು ತಿಳಿಯದವರಿಗೆ ಎರಡು ಮಾತು. ಕ್ಲಿನಿಕ್ಕಿನಲ್ಲಿ ಕೆಮ್ಮುವವರ, ನರಳುವವರ ನಡುವೆ ಟೈ ಕಟ್ಟಿಕೊಂಡು, ಕಾಲ ಬಳಿ ದಪ್ಪ ಬ್ಯಾಗು ಇಟ್ಟುಕೊಂಡು, ಯಾವ ಕಾಯಿಲೆಯೂ ಇಲ್ಲದೆ ಒಬ್ಬ ಕೂತಿರುತ್ತಾನಲ್ಲ, ಅವನೇ ರೆಪ್. ಕರೆದಾಗ ಒಳಗೆ ಹೋಗಿ, ಎರಡು ನಿಮಿಷದಲ್ಲಿ ತನ್ನ ಕಂಪನಿಯ ಔಷಧಿಯ ಗುಣಗಾನವನ್ನು ಬಾಯಿಪಾಠ ಒಪ್ಪಿಸಿ, ಸ್ಯಾಂಪಲ್ ಕೊಟ್ಟು, ಹಲ್ಲು ಕಿರಿದು ಹೊರಗೆ ಬರಬೇಕು. ಆ ಒಪ್ಪಿಸುವಿಕೆಗೆ ನಮ್ಮಲ್ಲಿ ಡೀಟೇಲಿಂಗ್ ಎನ್ನುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಡಾಕ್ಟರನ್ನಾದರೂ ನೋಡಬೇಕು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ನನ್ನ ಏರಿಯಾ. ಊರು ಬೆಳೆದ ಹಾಗೆ ಗೊಟ್ಟಿಗೆರೆ, ಕೋಣನಕುಂಟೆಗಳೂ ನನ್ನ ಪಾಲಿಗೆ ಬಂದವು. ಇಷ್ಟನ್ನೂ ಸುತ್ತುವುದು ಮೋಟಾರ್‌ಸೈಕಲ್ ಮೇಲೆ.

ಈ ಕೆಲಸದಲ್ಲಿ ಇನ್ನೊಂದು ವಿಚಿತ್ರ ಪದ್ಧತಿಯಿದೆ. ತಿಂಗಳಲ್ಲಿ ಕೆಲವು ದಿನ ಏರಿಯಾ ಮ್ಯಾನೇಜರ್ ಬಂದು ರೆಪ್‌ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೂ ಅವನು ಹೋದಲ್ಲೆಲ್ಲ ಹೋಗಿ, ಅವನು ಒಪ್ಪಿಸುವುದನ್ನು ಕೇಳಿ, ತಪ್ಪು ಹುಡುಕುತ್ತಾರೆ. ಇದಕ್ಕೆ ಜಾಯಿಂಟ್ ವರ್ಕ್ ಎಂದು ಹೆಸರು. ಬೇರೆ ನೌಕರಿಗಳಲ್ಲಿ ಮೇಲಧಿಕಾರಿಗಳು ಬೇರೆ ಕೋಣೆಯಲ್ಲಿರುತ್ತಾರೆ. ನಮ್ಮಲ್ಲಿ ಬೆನ್ನ ಹಿಂದೆಯೇ, ಮೊಣಕಾಲು ತಾಗುವಷ್ಟು ಹತ್ತಿರ ಇರುತ್ತಾರೆ.

ನಾನು ಸೇರಿದ ಹೊಸದರಲ್ಲಿ ನನಗೆ ದಾರಿ ತೋರಿಸಿದವನು ಬೇರೊಂದು ಕಂಪನಿಯ ಹಿರಿಯ ರೆಪ್ ಉಮೇಶ. ಮೊದಲ ದಿನವೇ ನನ್ನನ್ನು ಜಯನಗರದ ಒಂದು ಕಾಫಿ ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಪಾಠ ಮಾಡಿದ.

“ಗುರು, ಡಾಕ್ಟರ್ ಮೊದ್ಲು ನೋಡೋದು ನಿನ್ನ ಕಾಲರ್ನ. ಕಾಲರ್ ಒಣಗಿರ್ಬೇಕು. ಬೆವರಿಳಿಸ್ಕೊಂಡು ಒಳಗೆ ಹೋದ್ರೆ ನಿನ್ನ ಮಾತ್ರೆ ಯಾರು ನಂಬ್ತಾರೆ?”

“ಬಿಸಿಲಲ್ಲಿ ಬೆವರದೆ ಇರೋದು ಹೇಗೆ?”

“ನೀರು ಕುಡೀಬೇಡ. ಬೆಳಿಗ್ಗೆ ಮನೇಲಿ ಒಂದು ಲೋಟ, ಆಮೇಲೆ ಊಟಕ್ಕೇ. ಬೆವರೂ ಇಲ್ಲ, ಕ್ಲಿನಿಕ್ಕಲ್ಲಿ ಬಾತ್‌ರೂಮ್ ಎಲ್ಲಿ ಅಂತ ಕೇಳೋ ಮರ್ಯಾದೆಗೇಡೂ ಇಲ್ಲ.”

ಇದು ಉಮೇಶ ಒಬ್ಬನ ತಲೆಯಿಂದ ಬಂದದ್ದಲ್ಲ. ಆಗ ನಮ್ಮಲ್ಲಿ ಬಹುತೇಕರು ಹೀಗೇ ಇದ್ದರು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದವರೆಗೆ ಕಾಫಿ ಕುಡಿಯುತ್ತಿದ್ದರು, ನೀರು ಮುಟ್ಟುತ್ತಿರಲಿಲ್ಲ. ಗಾಡಿ ಓಡಿಸುವಾಗ ಟೈ ಹಾರಾಡದಂತೆ ಅದರ ತುದಿಯನ್ನು ಅಂಗಿಯ ಎರಡು ಗುಂಡಿಗಳ ನಡುವೆ ತುರುಕಿಕೊಳ್ಳುವುದು, ನಿಲ್ಲಿಸಿದ ಗಾಡಿಯ ಸೀಟಿನ ಮೇಲೆ ಹಳೆ ಪೇಪರ್ ಹಾಕುವುದು, ಕ್ಲಿನಿಕ್ಕಿನ ಹೊರಗೆ ಫ್ಯಾನ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡು ಅದರ ಕೆಳಗೆ ಕತ್ತು ಒಣಗಿಸಿಕೊಳ್ಳುವುದು, ಎಲ್ಲವನ್ನೂ ಒಬ್ಬರಿಂದ ಒಬ್ಬರು ಕಲಿಯುತ್ತಿದ್ದೆವು. ಸೀಟಿನ ಪೇಪರಿನಂಥ ಒಳ್ಳೆಯದರ ಜೊತೆಗೆ ನೀರು ಬಿಡುವ ಕೆಟ್ಟದ್ದನ್ನೂ ಕಲಿತೆವು. ಯಾವುದು ಯಾವುದೆಂದು ಯಾರೂ ಬೇರೆ ಮಾಡಿ ಹೇಳಲಿಲ್ಲ.

ಇದರಲ್ಲಿ ನಗು ಬರುವ ವಿಷಯ ಇನ್ನೊಂದಿದೆ. ಬೇಸಿಗೆಯಲ್ಲಿ ನಮ್ಮ ಕಂಪನಿ ಮುಂದಿಡುತ್ತಿದ್ದ ಮುಖ್ಯ ಸರಕು ಓ.ಆರ್.ಎಸ್. ಪುಡಿ. ಅದೇ, ವಾಂತಿ ಭೇದಿಯಾದಾಗ, ಬಿಸಿಲಿಗೆ ಸುಸ್ತಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ. ದೇಹದಲ್ಲಿ ನೀರು ಕಮ್ಮಿಯಾದರೆ ಏನೇನಾಗುತ್ತದೆ ಎಂದು ದಿನಕ್ಕೆ ಹನ್ನೆರಡು ಸಲ ನಾನು ಒಪ್ಪಿಸುತ್ತಿದ್ದೆ: ನಾಲಿಗೆ ಒಣಗುವುದು, ಮೂತ್ರ ಕಮ್ಮಿಯಾಗಿ ಹಳದಿಯಾಗುವುದು, ತಲೆನೋವು, ಕಿರಿಕಿರಿ, ಕೊನೆಗೆ ಮಂಕು. ಒಪ್ಪಿಸುವಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಬ್ಯಾಗಿನ ತುಂಬ ಅದೇ ಪುಡಿಯ ಪೊಟ್ಟಣಗಳು.

ಮೊದಲ ಸಲ ಬಿದ್ದದ್ದು ಜಯನಗರದಲ್ಲಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕನಕಪುರ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆಯುತ್ತಿದ್ದ ಕಾಲ ಅದು. ಹೊಂಗೆ ಮರಗಳು ಹೂ ಚೆಲ್ಲಿ ರಸ್ತೆಯ ಅಂಚೆಲ್ಲ ತೆಳು ನೇರಳೆಯಾಗಿತ್ತು. ನಾಲ್ಕು ಹನಿ ಮಳೆ ಬಿದ್ದು ನಿಂತಿತ್ತು. ನಾನು ಎಡಕ್ಕೆ ತಿರುಗುತ್ತ ಮುಂದಿನ ಬ್ರೇಕ್ ಹಿಡಿದೆ. ಚಕ್ರ ನನ್ನ ಮಾತು ಕೇಳಲಿಲ್ಲ. ಬಿದ್ದು ಎದ್ದಾಗ ಮೊಣಕೈ ತರಚಿತ್ತು, ಟೈ ಮೇಲೆ ಹೂ ಅಂಟಿಕೊಂಡಿತ್ತು. ಮುಂದಿನ ಕ್ಲಿನಿಕ್ಕಿಗೆ ಪೇಷೆಂಟ್ ಆಗಿಯೇ ಹೋದೆ.

ಹೂ ಜಾರುತ್ತದೆ ಎಂದು ಅವತ್ತು ಕಲಿತೆ. ಅದಕ್ಕಿಂತ ಮುಖ್ಯವಾಗಿ, ಬೇಸಿಗೆಯ ಮೊದಲ ಮಳೆಯ ಮೊದಲ ಹತ್ತು ಹದಿನೈದು ನಿಮಿಷ ಗಾಡಿ ಓಡಿಸಬಾರದು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಸುರಿದ ಎಣ್ಣೆ, ಧೂಳು ಆಗ ಮೇಲೆದ್ದು ಸಾಬೂನಿನ ನೀರಿನ ಹಾಗಾಗುತ್ತದೆ. ಚೆನ್ನಾಗಿ ಸುರಿದು ತೊಳೆದ ಮೇಲೆ ಅದೇ ರಸ್ತೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ರಸ್ತೆಯ ನಡುವೆ ಹೂವಿಲ್ಲದ ಜಾಗ ಧಾರಾಳವಾಗಿತ್ತು. ಹೂ ನನ್ನ ಕಣ್ಣಿಗೆ ಬಿದ್ದಿತ್ತು ಕೂಡ. ಕಂಡೂ ಅದರ ಮೇಲೇ ಯಾಕೆ ಹೋದೆ?

ಎರಡನೇ ಸಲ ಅದೇ ತಿಂಗಳ ಕೊನೆಯಲ್ಲಿ, ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ ಬಿದ್ದೆ. ಮಳೆಯಿಲ್ಲ, ಹೂವಿಲ್ಲ. ದೊಡ್ಡ ಮರಗಳ ನೆರಳಿನಲ್ಲಿ ಬಣ್ಣ ಅಳಿಸಿಹೋದ ಒಂದು ಹಂಪ್ ಇತ್ತು. ಸುಡುವ ಬಿಸಿಲಿನಿಂದ ಒಮ್ಮೆಗೇ ನೆರಳಿಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು. ಕಪ್ಪು ಗಾಜಿನ ಹೆಲ್ಮೆಟ್ ಹಾಕಿದ್ದರೆ ಇನ್ನೂ ಹೆಚ್ಚು. ನನ್ನದು ಕಪ್ಪು ಗಾಜೇ. ಹಂಪ್ ಕಾಣಲಿಲ್ಲ, ನಾನು ಗಾಡಿಯ ಮೇಲೆ ಉಳಿಯಲಿಲ್ಲ. ಅವತ್ತಿನಿಂದ ಬಿಳಿ ಗಾಜಿಗೆ ಬದಲಾದೆ. ಆದರೆ ಆ ಹಂಪ್ ಅಲ್ಲಿರುವುದು ನನಗೆ ವರ್ಷಗಳಿಂದ ಗೊತ್ತಿತ್ತು. ಗೊತ್ತಿದ್ದ ಹಂಪ್ ಮರೆತದ್ದು ಹೇಗೆ ಎಂಬುದಕ್ಕೆ ಕಪ್ಪು ಗಾಜು ಉತ್ತರ ಕೊಡಲಿಲ್ಲ.

ಈ ಸಲ ಸುದ್ದಿ ಮೇಲಿನವರೆಗೂ ಹೋಯಿತು. ರೀಜನಲ್ ಮ್ಯಾನೇಜರ್, ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದವರು, ಫೋನ್ ಮಾಡಿದರು.

“ಪ್ರಭಾಕರ್, ನಿಮಗೂ ವಯಸ್ಸಾಗ್ತಾ ಬಂತು. ಗೋಡೌನ್‌ನಲ್ಲಿ ಒಂದು ಪೋಸ್ಟ್ ಖಾಲಿ ಇದೆ. ಬಾಕ್ಸ್ ಬರುತ್ತೆ, ಬಾಕ್ಸ್ ಹೋಗುತ್ತೆ. ನೆಮ್ಮದಿ.”

“ಬೇಡ ಸಾರ್. ನಾನು ಫೀಲ್ಡಲ್ಲೇ ಇರ್ತೀನಿ.”

“ನೋಡೋಣ. ಮೇ ತಿಂಗಳಲ್ಲಿ ನಿಮ್ಮ ಮ್ಯಾನೇಜರ್ ಚಂದ್ರಮೌಳಿ ಬಂದು ಮೂರು ದಿನ ನಿಮ್ಮ ಹಿಂದೆ ಕೂತ್ಕೋತಾರೆ. ನೀವು ಗಾಡಿ ಹೇಗೆ ಓಡಿಸ್ತೀರ ಅಂತ ಅವರು ಹೇಳ್ಲಿ. ಆಮೇಲೆ ಗೋಡೌನೋ ರಸ್ತೆನೋ ತೀರ್ಮಾನ ಮಾಡ್ತೀನಿ. ಅಷ್ಟರಲ್ಲಿ ಇನ್ನೊಂದ್ಸಲ ಬಿದ್ರೆ ಗೋಡೌನೇ.”

ಫೋನ್ ಇಟ್ಟ ಮೇಲೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ಗೋಡೌನನ್ನು ನಾನು ನೋಡಿದ್ದೆ. ಕಿಟಕಿಯಿಲ್ಲ, ಹಗಲಲ್ಲೂ ಟ್ಯೂಬ್‌ಲೈಟು. ನಾನಾದರೋ ವೇಟಿಂಗ್ ರೂಮಿನಲ್ಲಿ ಕೂತು ಜನರ ಕಥೆ ಕೇಳಿಯೇ ಬೆಳೆದವನು. ಯಾವ ಅಜ್ಜಿಯ ಮಂಡಿನೋವು ಸೊಸೆ ಊರಿಗೆ ಹೋದಾಗ ವಾಸಿಯಾಗುತ್ತದೆ, ಯಾವ ಕ್ರಾಸಿನಲ್ಲಿ ಯಾವ ಮರ ಯಾವಾಗ ಹೂ ಬಿಡುತ್ತದೆ ಎಂದು ಬಲ್ಲವನು. ಅದನ್ನೆಲ್ಲ ಬಿಟ್ಟು ರಟ್ಟಿನ ಡಬ್ಬಗಳ ಮುಖ ನೋಡಿಕೊಂಡಿರುವುದು ನನ್ನಿಂದ ಆಗದ ಮಾತು.

ಹಾಗಾಗಿ ನಾನು ಬೀಳುವುದೇಕೆ ಎಂದು ಹುಡುಕಲು ಹೊರಟೆ. ಮೊದಲು ಅನುಮಾನ ಬಂದದ್ದು ಗಾಡಿಯ ಮೇಲೆ. ಬಿ.ಟಿ.ಎಂ.ನಲ್ಲಿ ನನ್ನ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ ನಯಾಜ್ ಭಾಯ್ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಗಾಳಿ ಕಮ್ಮಿ ಇದೆಯಲ್ಲ ಸಾರ್, ಯಾರು ಬಿಟ್ಟಿದ್ದು?”

“ನಾನೇ ಬಿಡಿಸ್ದೆ ಭಾಯ್. ಬಿಸಿಲಿಗೆ ಟೈರ್ ಸಿಡಿಯುತ್ತೆ ಅಂತಾರಲ್ಲ.”

“ಅಯ್ಯೋ, ಉಲ್ಟಾ ಸಾರ್! ಗಾಳಿ ಕಮ್ಮಿಯಾದ್ರೇನೇ ಟೈರ್ ಜಾಸ್ತಿ ಕಾಯೋದು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕಂಪನಿ ಹೇಳಿದಷ್ಟು ಹಾಕ್ಸಿ. ಮಧ್ಯಾಹ್ನ ಮುಟ್ಟಕ್ಕೇ ಹೋಗ್ಬೇಡಿ.”

ಗಾಳಿ ಸರಿಯಾಯಿತು. ಆದರೂ ಹಂಪ್ ಮರೆತದ್ದು ಟೈರಲ್ಲವಲ್ಲ ಎಂದು ಒಳಗೊಳಗೇ ಕೊರೆಯುತ್ತಿತ್ತು.

ಉತ್ತರ ಸಿಕ್ಕಿದ್ದು ಬನಶಂಕರಿಯ ಡಾಕ್ಟರ್ ಸುಗುಣಾ ಮೇಡಂ ಅವರ ಕ್ಲಿನಿಕ್ಕಿನಲ್ಲಿ. ಅವರು ವಯಸ್ಸಾದವರು, ಮಾತು ಕಮ್ಮಿ, ಕಣ್ಣು ಚುರುಕು. ನಾನು ಎಂದಿನಂತೆ ಓ.ಆರ್.ಎಸ್. ಪಾಠ ಒಪ್ಪಿಸುತ್ತಿದ್ದೆ. ಮೇಡಂ ನನ್ನ ಬಾಯನ್ನೇ ನೋಡುತ್ತಿದ್ದವರು ನಡುವೆ ಕೈ ಎತ್ತಿದರು.

“ನಿಲ್ಸಿ ಪ್ರಭಾಕರ್. ಈಗ ಹೇಳಿದ್ರಲ್ಲ, ಅದ್ರಲ್ಲಿ ನಿಮಗೆ ಎಷ್ಟಿದೆ?”

“ಏನು ಮೇಡಂ?”

“ನಾಲಿಗೆ ಒಣಗಿದೆ, ಕೇಳಿಸ್ತಾ ಇದೆ. ಯೂರಿನ್ ಬೆಳಿಗ್ಗೆಯಿಂದ ಎಷ್ಟು ಸಲ ಹೋಗಿದೀರಿ?”

ನಾನು ಎಣಿಸಲು ಹೋದೆ. ಎಣಿಸುವಂಥದ್ದೇನೂ ಇರಲಿಲ್ಲ.

“ತಲೆನೋವು?”

“ಅದು ದಿನಾ ಇರುತ್ತೆ ಮೇಡಂ. ಟ್ರಾಫಿಕ್ ಸೌಂಡಿಗೆ.”

“ಸಿಟ್ಟು?”

“ಅದೂ ಟ್ರಾಫಿಕ್ಕಿಗೆ.”

ಮೇಡಂ ಜೋರಾಗಿ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ನಗು ಬಂತು. ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ನೀರು ಕಮ್ಮಿಯಾದಾಗ ಮೊದಲು ಸೋಲುವುದು ಕೈಕಾಲಲ್ಲ, ಗಮನ. ಕಂಡದ್ದು ತಲೆಗೆ ತಲುಪುವುದು ತಡವಾಗುತ್ತದೆ. ಹಾಗೆ ತಡವಾಗುತ್ತಿದೆ ಎಂಬುದೂ ತಿಳಿಯುವುದಿಲ್ಲ, ತಿಳಿಯಬೇಕಾದ ತಲೆಯೇ ಮಂಕಾಗಿರುತ್ತದಲ್ಲ. ಬರೀ ಬಿಸಿಲಿನ ದಿನಕ್ಕಿಂತ ಮೋಡ ಮುಚ್ಚಿ ಗಾಳಿ ನಿಂತ ಸೆಕೆಯ ದಿನ ಇನ್ನೂ ಮೋಸದ್ದು. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ.

“ಕಾಲರ್ ಒದ್ದೆಯಾಗಿದ್ರೆ ನಮಗೇನೂ ಬೇಜಾರಿಲ್ಲ ಕಣ್ರೀ,” ಎಂದರು ಕೊನೆಗೆ. “ನೀವು ಪೇಷೆಂಟ್ ಆಗಿ ಬಂದ್ರೇನೇ ಬೇಜಾರು.”

ಎಷ್ಟೋ ಬೇಸಿಗೆಗಳನ್ನು ಒಣ ಕಾಲರಿಗಾಗಿ ಕಳೆದಿದ್ದೆವು. ಅದನ್ನು ಯಾವ ಡಾಕ್ಟರೂ ಕೇಳಿರಲಿಲ್ಲ ಎಂದು ಅವತ್ತು ತಿಳಿಯಿತು.

ಆ ದಿನದಿಂದ ನಾನು ನನ್ನನ್ನೇ ಗಮನಿಸತೊಡಗಿದೆ. ಇದು ಭಾರಿ ಕುತೂಹಲದ ಕೆಲಸ. ಸಿಗ್ನಲ್ ಬಿಟ್ಟಾಗ ಮೂರನೇ ಗೇರಿನಲ್ಲೇ ಗಾಡಿ ಎತ್ತಲು ನೋಡುವುದು, ತಿರುವು ಮುಗಿದು ಎಷ್ಟೋ ದೂರ ಹೋದರೂ ಇಂಡಿಕೇಟರ್ ಮಿಣುಕುತ್ತಲೇ ಇರುವುದು, ದಿನಾ ಹೋಗುವ ಕ್ರಾಸನ್ನು ದಾಟಿ ಮುಂದೆ ಹೋಗಿಬಿಡುವುದು, ಇವೆಲ್ಲ ಮಧ್ಯಾಹ್ನ ಹನ್ನೆರಡರ ಮೇಲೆಯೇ ಆಗುತ್ತಿದ್ದವು, ನೀರು ಕುಡಿಯದ ದಿನ ಹೆಚ್ಚು ಆಗುತ್ತಿದ್ದವು. ಎಲ್ಲಕ್ಕಿಂತ ನಂಬಿಕೆಯ ಗುರುತೆಂದರೆ ಆಟೋದವರು. ಬೆಳಿಗ್ಗೆ ಅಡ್ಡ ಬಂದ ಆಟೋಗೆ ದಾರಿ ಬಿಡುವ ನಾನು ಮಧ್ಯಾಹ್ನ ಅವರ ವಂಶವನ್ನೇ ಬಯ್ಯುತ್ತಿದ್ದೆ. ಹೆಲ್ಮೆಟ್ ಒಳಗೆ ಬೈಗುಳ ಜಾಸ್ತಿಯಾಯಿತೆಂದರೆ ನೀರಿನ ಹೊತ್ತಾಯಿತು ಎಂದು ಲೆಕ್ಕ ಹಾಕಿಕೊಂಡೆ.

ಬ್ಯಾಗಿನಲ್ಲಿ ದೊಡ್ಡ ನೀರಿನ ಬಾಟಲಿ ಬಂತು. ಪ್ರತಿ ಕ್ಲಿನಿಕ್ಕಿನಿಂದ ಹೊರಬಂದ ಮೇಲೆ ನಾಲ್ಕು ಗುಟುಕು ಕುಡಿಯುವುದು, ಬಾಯಾರಿಕೆಗೆ ಕಾಯದೆ. ಉಮೇಶನ ಹಾಗೆ ತೋಳು ಮಡಿಸುವುದನ್ನು ಬಿಟ್ಟು ಸಡಿಲವಾದ ಹತ್ತಿಯ ತುಂಬುತೋಳಿನ ಅಂಗಿ ಹಾಕಿದೆ. ಮೈ ಮುಚ್ಚಿದ್ದರೆ ಬಿಸಿಲು, ಬಿಸಿಗಾಳಿ ಎರಡೂ ಕಮ್ಮಿ ತಾಗುತ್ತವೆ, ಬಿದ್ದರೆ ಚರ್ಮವೂ ಉಳಿಯುತ್ತದೆ. ಹೆಲ್ಮೆಟ್ ಕೆಳಗೆ ತೆಳು ಹತ್ತಿ ಬಟ್ಟೆ ಕಟ್ಟಿದೆ, ಬೆವರು ಕಣ್ಣಿಗಿಳಿಯುವುದು ನಿಂತಿತು. ಬಾತ್‌ರೂಮ್ ಕೇಳಲು ಮೊದಮೊದಲು ನಾಚಿಕೆಯಾಯಿತು. ಕೇಳಿದರೆ ಯಾರೂ ಇಲ್ಲ ಎನ್ನಲಿಲ್ಲ. ಪವಿತ್ರಾ ಇದನ್ನು ಕೇಳಿ, “ನಿಮಗೆ ಇಲ್ಲ ಅನ್ಲಿಲ್ಲ ಅಂಕಲ್, ನಮಗೆ ಎಷ್ಟೋ ಕಡೆ ಇರೋದೇ ಇಲ್ಲ,” ಎಂದಳು. ಎಲ್ಲೆಲ್ಲಿ ಚೊಕ್ಕಟವಾಗಿದೆ ಎಂದು ಈಗಿನ ಹುಡುಗಿಯರು ಫೋನಿನಲ್ಲಿ ಒಬ್ಬರಿಗೊಬ್ಬರು ತಿಳಿಸಿಕೊಳ್ಳುತ್ತಾರಂತೆ. ನೀರು ಬಿಡುವುದಕ್ಕಿಂತ ಅದೆಷ್ಟೋ ವಾಸಿ.

ಮೇ ತಿಂಗಳು ಬಂತು. ಏರಿಯಾ ಮ್ಯಾನೇಜರ್ ಚಂದ್ರಮೌಳಿ, ನಮ್ಮ ಮೌಳಿ ಸಾರ್, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಳಿದರು. ಕಂಕುಳಲ್ಲಿ ಹೆಲ್ಮೆಟ್, ಕುತ್ತಿಗೆಯಲ್ಲಿ ಟೈ, ಮಧ್ಯಾಹ್ನವಾದರೂ ಮಡಿಕೆ ಕೆಡದ ಅಂಗಿ. ಅವರು ಒಳ್ಳೆಯ ಮನುಷ್ಯರೇ, ಆದರೆ ಹಿಂದಿನ ಸೀಟಿನಲ್ಲಿ ಕೂತರೆಂದರೆ ಬಾಯಿ ನಿಲ್ಲುತ್ತಿರಲಿಲ್ಲ. ಸಿಗ್ನಲ್ ಬಂದಾಗಲೆಲ್ಲ ಪ್ರಶ್ನೆ.

“ಹೇಳಿ ಪ್ರಭಾಕರ್, ಡೀಹೈಡ್ರೇಶನ್ ಲಕ್ಷಣ?”

“ನಾಲಿಗೆ ಒಣಗೋದು, ಮೂತ್ರ ಹಳದಿ, ತಲೆನೋವು, ಕಿರಿಕಿರಿ, ಮಂಕು ಸಾರ್.”

“ಕರೆಕ್ಟ್. ಕಿರಿಕಿರಿ ಅನ್ನೋವಾಗ ಡಾಕ್ಟರ್ ಕಣ್ಣು ನೋಡ್ಬೇಕು. ಹ್ಞೂಂ, ಗ್ರೀನ್ ಬಿತ್ತು, ನಡೀರಿ.”

ಮೊದಲೆರಡು ದಿನ ಚೆನ್ನಾಗಿಯೇ ಕಳೆದವು. ನಾನು ನೀರು ಕುಡಿಯುವಾಗಲೆಲ್ಲ ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಬಾಟಲಿ ಚಾಚಿದರೆ ಅಂಗೈ ಅಡ್ಡ ಹಿಡಿದು ಬೇಡ ಎನ್ನುತ್ತಿದ್ದರು. ಒಣ ಕಾಲರಿನ ಪಾಠವನ್ನು ಉಮೇಶನಿಗಿಂತ ಮೊದಲೇ ಕಲಿತವರು ಅವರು. ನನ್ನ ಓಡಿಸುವಿಕೆ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ರಾತ್ರಿ ಮಲಗಿದರೆ ಗೋಡೌನಿನ ಟ್ಯೂಬ್‌ಲೈಟೇ ಕಣ್ಣ ಮುಂದೆ.

ಮೂರನೆಯ ದಿನ ಕನಕಪುರ ರಸ್ತೆಯ ಒಬ್ಬ ಹೆಸರಾಂತ ಮಕ್ಕಳ ಡಾಕ್ಟರನ್ನು ನೋಡಬೇಕಿತ್ತು. ಅವರು ರೆಪ್‌ಗಳಿಗೆ ತಿಂಗಳಿಗೆ ಒಂದೇ ದಿನ, ಮಧ್ಯಾಹ್ನ ಒಂದು ಗಂಟೆಗೆ ಸಮಯ ಕೊಡುತ್ತಿದ್ದರು. ಐದು ನಿಮಿಷ ತಡವಾದರೆ ಬಾಗಿಲು ಮುಚ್ಚಿತು. ಮೌಳಿ ಸಾರ್ ಬೆಳಿಗ್ಗೆಯಿಂದ ಆ ಒಂದು ಹೆಸರನ್ನೇ ಜಪ ಮಾಡುತ್ತಿದ್ದರು.

ಅವತ್ತು ಬಿಸಿಲಿರಲಿಲ್ಲ. ಮೋಡ ತಗ್ಗಿ ನಿಂತಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಜೆ.ಪಿ. ನಗರ ದಾಟಿ ಕನಕಪುರ ರಸ್ತೆ ಸೇರುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮೆಟ್ರೊ ಕೆಲಸಕ್ಕೆ ಅರ್ಧ ರಸ್ತೆ ಮುಚ್ಚಿದ್ದರಿಂದ ವಾಹನಗಳು ಆಮೆಯ ಹಾಗೆ ಹೋಗುತ್ತಿದ್ದವು. ಮುಂದಿನ ಬಸ್ಸಿನ ಬಿಸಿ ಹೊಗೆ ನೇರ ಮುಖಕ್ಕೆ ಹೊಡೆಯುತ್ತಿತ್ತು. ಗಾಡಿ ಓಡಿದರಾದರೂ ಗಾಳಿ ಸಿಗುತ್ತದೆ, ನಿಂತ ಟ್ರಾಫಿಕ್ಕಿನಲ್ಲಿ ಅದೂ ಇಲ್ಲ.

“ಹೇಳಿ ಪ್ರಭಾಕರ್, ಲಕ್ಷಣ?” ಎಂದರು ಮೌಳಿ ಸಾರ್. ಹೇಳಿದೆ. ಸ್ವಲ್ಪ ದೂರ ಹೋಗಿರಲಿಲ್ಲ, ಮತ್ತೆ ಅದೇ ಪ್ರಶ್ನೆ.

“ಈಗ ತಾನೇ ಹೇಳಿದ್ನಲ್ಲ ಸಾರ್.”

“ಹೇಳಿಲ್ಲ ನೀವು. ವಾದ ಮಾಡ್ಬೇಡಿ. ವಾದ ಮಾಡೋದೊಂದು ಕಲ್ತಿದೀರಿ.”

ಅಷ್ಟು ವರ್ಷದಲ್ಲಿ ಮೌಳಿ ಸಾರ್ ನನ್ನ ಮೇಲೆ ರೇಗಿದ್ದು ನೆನಪಿಲ್ಲ. ಮತ್ತೆ ಹೇಳಿದೆ. ಅವರು “ಕರೆಕ್ಟ್” ಎನ್ನಲಿಲ್ಲ. ಹಿಂದಿನಿಂದ ಮಾತೇ ಬರಲಿಲ್ಲ. ಆ ಮೌನ ನನಗೆ ಮೊದಲು ಹಾಯೆನಿಸಿತು, ಮರುಗಳಿಗೆ ಅನುಮಾನ ಹುಟ್ಟಿತು. ಎಡಕ್ಕೆ ಒಂದು ಗುಂಡಿ ತಪ್ಪಿಸಿದೆ. ಹಿಂದೆ ಕೂತು ಅಭ್ಯಾಸವಿರುವವರು ಗಾಡಿಯ ಜೊತೆಗೇ ವಾಲುತ್ತಾರೆ. ಇವರು ಮೂಟೆಯ ಹಾಗೆ ಇನ್ನೊಂದು ಕಡೆಗೆ ಜೋಲಿದರು. ಗಾಡಿ ಓಲಾಡಿತು.

“ಸಾರ್, ನೀವು ಹೇಳಿ ನೋಡೋಣ, ಲಕ್ಷಣ ಏನೇನು?” ಎಂದು ನಾನೇ ತಿರುಗಿ ಕೇಳಿದೆ.

“ನಾಲಿಗೆ...” ಎಂದರು. ತುಂಬ ಹೊತ್ತು ಬಿಟ್ಟು, “ಒಂದು ಗಂಟೆಗೆ ಡಾಕ್ಟರು,” ಎಂದರು.

ನೂರಾರು ರೆಪ್‌ಗಳಿಗೆ ಆ ಪಾಠ ಕಲಿಸಿದ ಮನುಷ್ಯನ ಬಾಯಲ್ಲಿ ಎರಡನೇ ಲಕ್ಷಣ ಬರಲಿಲ್ಲ. ಅವರು ಕೈ ಬಿಟ್ಟರೆ ಬೀಳುವುದು ಬಸ್ಸಿನ ಚಕ್ರದ ಹತ್ತಿರ. ನನ್ನ ಮೂರನೇ ಬೀಳುವಿಕೆಯೂ ಅದೇ ಆಗುತ್ತಿತ್ತು. ಕೋಣನಕುಂಟೆ ಕ್ರಾಸಿಗೆ ಮುಂಚೆ ರಸ್ತೆ ಪಕ್ಕದಲ್ಲಿ ಒಂದು ಗಿಡಗಳ ನರ್ಸರಿ ಕಾಣಿಸಿತು. ನಿಧಾನವಾಗಿ ಎಡಕ್ಕೆ ತಂದು, ಕೈ ತೋರಿಸಿ, ಅಲ್ಲಿಯ ಮರದ ಕೆಳಗೆ ನಿಲ್ಲಿಸಿದೆ.

“ಯಾಕ್ರೀ ನಿಲ್ಸಿದ್ರಿ? ಟೈಮ್ ಆಗ್ತಿದೆ. ನಡೀರಿ!”

“ಇಲ್ಲ ಸಾರ್. ಇಳೀರಿ.”

“ನಾನು ಹೇಳ್ತಿದೀನಿ, ನಡೀರಿ ಅಂತ. ಈ ಡಾಕ್ಟರ್ ಮಿಸ್ ಆದ್ರೆ ದೊಡ್ಡ ಸಾಹೇಬ್ರಿಗೆ ಏನು ಹೇಳ್ಲಿ? ನಿಮ್ಮನ್ನ ಗೋಡೌನ್‌ಗೇ ಹಾಕಿಸ್ತೀನಿ!”

“ಹಾಕ್ಸಿ ಸಾರ್. ಮೊದ್ಲು ಇಳೀರಿ.”

ಇಳಿದವರು ನಿಲ್ಲಲಾರದೆ ನನ್ನ ಭುಜ ಹಿಡಿದರು. ಹೆಲ್ಮೆಟ್ ತೆಗೆದಾಗ ಮುಖ ಬಿಳಿಚಿತ್ತು. ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದ ಹೆಂಗಸು ಓಡಿ ಬಂದಳು.

“ಅಕ್ಕ, ಸ್ವಲ್ಪ ನೀರು ಬಿಡಿ ಇವರ ಮೇಲೆ.”

“ಮೈ ಮೇಲಾ? ಟೈ ಹಾಕವ್ರಲ್ಲಣ್ಣ!”

“ಟೈ ನಾನು ಬಿಚ್ತೀನಿ, ನೀವು ಬಿಡಿ.”

ಟೈ ಬಿಚ್ಚಿ, ಕಾಲರ್ ಸಡಿಲಿಸಿ, ಶೂ ಕಳಚಿ ನೆರಳಲ್ಲಿ ಮಲಗಿಸಿದೆ. ಆಕೆ ಕತ್ತು, ಎದೆ, ಕೈಗಳ ಮೇಲೆ ನೀರು ಬಿಟ್ಟಳು. ನಾನು ಒಂದು ರಟ್ಟಿನಿಂದ ಗಾಳಿ ಬೀಸಿದೆ. ಎಷ್ಟೋ ವರ್ಷ ಬಿಳಿಯಾಗಿ, ಒಣಗಿ, ನೆಟ್ಟಗೆ ನಿಂತಿದ್ದ ಆ ಕಾಲರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಸರಿಯಾಗಿ ಬಿಟ್ಟು, ನನ್ನ ಹೆಸರು ಹೇಳಿ, ಬಾಯಾರಿಕೆ ಎಂದರು. ನುಂಗುವ ಶಕ್ತಿ ಇದೆ ಎಂದು ಖಾತರಿಯಾದ ಮೇಲೆ ಎಬ್ಬಿಸಿ ಕೂರಿಸಿದೆ. ಬ್ಯಾಗಿನಿಂದ ನಮ್ಮದೇ ಸ್ಯಾಂಪಲ್ ಪೊಟ್ಟಣ ಹರಿದು, ಲೀಟರ್ ಬಾಟಲಿಯ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿದೆ. ಆ ಪುಡಿಯನ್ನು ಲೆಕ್ಕವಿಲ್ಲದಷ್ಟು ಜನಕ್ಕೆ ಹಂಚಿದ ಮೌಳಿ ಸಾರ್ ಮುಖ ಕಿವುಚಿದರು.

“ಇಷ್ಟು ಕೆಟ್ಟದಾಗಿದ್ಯಾ ಇದು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬರುತ್ತಿದ್ದವು.

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಅಂಥ ಮನುಷ್ಯನನ್ನು ಮತ್ತೆ ಗಾಡಿಯ ಮೇಲೆ ಕೂರಿಸುವ ಮಾತೇ ಇರಲಿಲ್ಲ. ನರ್ಸರಿಯ ಅಕ್ಕ ರಸ್ತೆಗೆ ಅಡ್ಡ ನಿಂತು ಒಂದು ಆಟೋ ನಿಲ್ಲಿಸಿದಳು. ಗಾಡಿಯನ್ನು ಅವಳ ಗುಲಾಬಿ ಕುಂಡಗಳ ನಡುವೆ ಬಿಟ್ಟು, ಸುಗುಣಾ ಮೇಡಂ ಕ್ಲಿನಿಕ್ಕಿಗೆ ಹೊರಟೆವು. ಇಷ್ಟು ವರ್ಷ ನಾನು ಬೈದ ಆಟೋದವರ ಪೈಕಿ ಅವನೂ ಒಬ್ಬನಿರಬಹುದು. ಹಿಂದಿನ ಸೀಟಿನಲ್ಲಿ ಕೂತವರ ಸ್ಥಿತಿ ನೋಡಿ ಗುಂಡಿ ಗುಂಡಿಗೂ ನಿಧಾನ ಮಾಡಿದ.

ಮೇಡಂ ಪರೀಕ್ಷೆ ಮಾಡಿದರು, ಡ್ರಿಪ್ ಹಾಕಿದರು, ಸಂಜೆಯವರೆಗೂ ಮಲಗಿಸಿದರು. “ಇನ್ನೊಂದು ಅರ್ಧ ಗಂಟೆ ಹಾಗೇ ಹೋಗಿದ್ರೆ ನನ್ನ ಹತ್ರ ಅಲ್ಲ, ದೊಡ್ಡಾಸ್ಪತ್ರೆಗೆ ಹೋಗ್ತಿದ್ರಿ,” ಎಂದು ಮೌಳಿ ಸಾರ್‌ಗೆ ಮುಖಕ್ಕೇ ಹೇಳಿದರು. ಅವರು ಮಕ್ಕಳ ಹಾಗೆ ತಲೆಯಾಡಿಸಿದರು. ನಾನು ಬಾಗಿಲ ಹತ್ತಿರ ರೋಗಿಗಳ ಬೆಂಚಿನ ಮೇಲೆ ಕೂತೆ. ಜೀವ ಉಳಿಯಿತೆಂಬ ಸಮಾಧಾನದ ಹಿಂದೆಯೇ ನನ್ನ ಚಿಂತೆ ಮೆಲ್ಲಗೆ ತಲೆಯೆತ್ತಿತು. ಮೂರು ದಿನ ಮುಗಿದಿತ್ತು. ಮಕ್ಕಳ ಡಾಕ್ಟರ ಬಾಗಿಲು ಮುಚ್ಚಿತ್ತು. ಗಾಡಿ ಎಲ್ಲೋ ಗುಲಾಬಿ ಗಿಡಗಳ ನಡುವೆ ನೆನೆಯುತ್ತಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಮೌಳಿ ಸಾರ್ ಅವರ ಫೋನು ಹೊಡೆದುಕೊಂಡಿತು. ದೊಡ್ಡ ಸಾಹೇಬರು. ಮೌಳಿ ಸಾರ್ ಮಲಗಿದ್ದಲ್ಲಿಂದಲೇ ಮಾತಾಡಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಈ ಕಡೆಯದು ಒಂದೊಂದೂ ಕೇಳಿಸಿತು.

“ಇಲ್ಲ ಸಾರ್, ಡಾಕ್ಟರ್ ಸಿಗ್ಲಿಲ್ಲ... ತಪ್ಪು ನಂದೇ ಸಾರ್, ಆಮೇಲೆ ಹೇಳ್ತೀನಿ... ಪ್ರಭಾಕರಾ? ಓಡ್ಸೋದು ಎಲ್ಲರ ಹಾಗೇ ಸಾರ್, ಅಂಥ ವಿಶೇಷ ಏನಿಲ್ಲ.”

ನಾನು ಎದ್ದು ನಿಂತೆ. ಗೋಡೌನಿನ ಬಾಗಿಲು ನನ್ನ ಹಿಂದೆ ಹಾಕಿಕೊಂಡ ಹಾಗಾಯಿತು.

ಮೌಳಿ ಸಾರ್ ತಲೆ ಹೊರಳಿಸಿ ನನ್ನನ್ನೇ ನೋಡುತ್ತ ಫೋನಿಗೆ ಹೇಳಿದರು:

“ಆದ್ರೆ ನಿಲ್ಸೋಕೆ ಬರುತ್ತೆ ಸಾರ್ ಅವನಿಗೆ. ನಾನು ಬೇಡ ಬೇಡ ಅಂತ ಕೂಗಾಡಿದ್ರೂ ನಿಲ್ಸಿದ. ಅವನನ್ನ ಗಾಡಿ ಮೇಲೇ ಬಿಟ್ಬಿಡಿ.”